ಅವನದೇ ತಪ್ಪು ಅನ್ನೋ ಸಮಾಧಾನ

ಯಾರಾದರೂ ಅಪಘಾತದಲ್ಲಿ ಸತ್ತ ಸುದ್ದಿ ಬಂದರೆ ನಾವು ಕೇಳುವ ಮೊದಲ ಪ್ರಶ್ನೆ ಯಾವುದು ಅಂತ ಗಮನಿಸಿದ್ದೀರಾ? ಬೈಕಿನವನಾದರೆ "ಹೆಲ್ಮೆಟ್ ಹಾಕಿದ್ನಾ?" ಟ್ರೆಕ್ಕಿಂಗ್ ಹೋದವನಾದರೆ "ಗೈಡ್ ಇರ್ಲಿಲ್ವಾ?" ನೀರಿಗೆ ಇಳಿದವನಾದರೆ "ಈಜು ಬರ್ತಿತ್ತಾ, ಕುಡಿದಿದ್ನಾ?" ಹಾಕಿರಲಿಲ್ಲ, ಇರಲಿಲ್ಲ, ಕುಡಿದಿದ್ದ ಅಂತ ಉತ್ತರ ಬಂದರೆ ಒಳಗೆಲ್ಲೋ ಸಣ್ಣ ಸಮಾಧಾನ. "ಪಾಪ" ಅಂತೀವಿ, ನಿಜ. ಆದರೆ ಆ ಪಾಪದ ಬೆನ್ನಿಗೇ ಇನ್ನೊಂದು ಮಾತು ಮನಸ್ಸಲ್ಲಿ ಓಡಿರುತ್ತೆ: ನಾನು ಹೆಲ್ಮೆಟ್ ಹಾಕ್ತೀನಪ್ಪ, ನನಗೆ ಹೀಗಾಗಲ್ಲ.

ಸತ್ತವನ ತಪ್ಪು ಹುಡುಕುವುದು ಸರಿಯಾ? ಸರಿಯಾದರೆ ಹೇಗೆ ಹುಡುಕಬೇಕು? ಈ ಪ್ರಶ್ನೆ ನನ್ನ ತಲೆ ಕೆಡಿಸಿದ್ದು ಸ್ಕೂಬಾ ಡೈವಿಂಗ್ ಲೋಕದ ಒಂದು ಸಾವಿನ ಬಗ್ಗೆ ಓದುವಾಗ. ಆ ಸಾವು ಸತ್ತವನ ಹೆಲ್ಮೆಟ್ ಮೇಲಿದ್ದ ಕ್ಯಾಮೆರಾದಲ್ಲೇ ದಾಖಲಾಗಿದೆ. ಹಾಗಾಗಿ ಊಹೆಗೆ ಜಾಗ ಕಡಿಮೆ, ಕಲಿಯೋಕೆ ಜಾಗ ಜಾಸ್ತಿ.

ದಕ್ಷಿಣ ಆಫ್ರಿಕಾದ ನಾರ್ದರ್ನ್ ಕೇಪ್ ಪ್ರಾಂತ್ಯದಲ್ಲಿ ಬುಷ್‌ಮನ್ಸ್ ಹೋಲ್ ಅಂತ ಒಂದು ಜಾಗ ಇದೆ. ಮೇಲಿಂದ ನೋಡಿದರೆ ಬಂಡೆಗಳ ನಡುವೆ ಒಂದು ಸಣ್ಣ ಹೊಂಡ. ಒಳಗೆ ಇಳಿದರೆ 270 ಮೀಟರಿಗೂ ಹೆಚ್ಚು ಆಳದ, ನೀರು ತುಂಬಿದ ಗವಿ. 1994ರ ಡಿಸೆಂಬರಿನಲ್ಲಿ ಡಿಯಾನ್ ಡ್ರೈಯರ್ ಎಂಬ 20 ವರ್ಷದ ಹುಡುಗ ಅಲ್ಲಿ ಡೈವ್ ಮಾಡುವಾಗ ಸತ್ತ. ದೇಹ ತಳಕ್ಕೆ ಇಳಿದುಹೋಯಿತು. ಅಷ್ಟು ಆಳಕ್ಕೆ ಹೋಗಿ ತರುವವರು ಯಾರೂ ಇರಲಿಲ್ಲ. ಹೆತ್ತವರು ಹತ್ತು ವರ್ಷ ಕಾದರು.

2004ರ ಅಕ್ಟೋಬರ್ 28ರಂದು ಡೇವ್ ಶಾ ಎಂಬ ಆಸ್ಟ್ರೇಲಿಯಾದ ಪೈಲಟ್ ಆ ಗವಿಯ ತಳ ಮುಟ್ಟಿದ. ಅಲ್ಲಿ ಅವನ ಟಾರ್ಚಿನ ಬೆಳಕಿಗೆ ಡಿಯಾನ್‌ನ ದೇಹ ಕಂಡಿತು. ಎತ್ತಲು ನೋಡಿದ, ಆಗಲಿಲ್ಲ. ಮತ್ತೆ ಸಿಗಲಿ ಅಂತ ಹಗ್ಗ ಕಟ್ಟಿ ಮೇಲೆ ಬಂದ. ಆಮೇಲೆ ಡಿಯಾನ್‌ನ ತಂದೆತಾಯಿಗೆ, ನಿಮ್ಮ ಮಗನನ್ನು ತಂದುಕೊಡಲು ಪ್ರಯತ್ನಿಸ್ತೀವಿ ಅಂತ ಹೇಳಿದ. ಸತ್ತ ಮಗನ ದೇಹಕ್ಕೋಸ್ಕರ ಬದುಕಿರುವವನು ಪ್ರಾಣ ಪಣಕ್ಕಿಡೋದಾ ಅಂತ ದೂರದಲ್ಲಿ ಕೂತು ಕೇಳೋದು ಸುಲಭ. ಆದರೆ ಮಣ್ಣು ಮಾಡೋಕೂ ದೇಹ ಸಿಗದ ಮನೆಯ ಸಂಕಟ ಎಂಥದ್ದು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಶಾ ಮಾಡಹೊರಟದ್ದು ಹುಚ್ಚಾಟ ಆಗಿರಲಿಲ್ಲ. ಅದು ಒಂದು ಉಪಕಾರ.

2005ರ ಜನವರಿ 8. ತಂಡ ದೊಡ್ಡದಿತ್ತು, ತಯಾರಿ ವಾರಗಟ್ಟಲೆ ನಡೆದಿತ್ತು. ಪೊಲೀಸ್ ಡೈವರ್‌ಗಳಿದ್ದರು, ಚಿತ್ರೀಕರಣ ಇತ್ತು, ತಂದೆತಾಯಿ ಕಾಯುತ್ತಿದ್ದರು. ಲೆಕ್ಕ ಹೀಗೆ: ಕೆಲವೇ ನಿಮಿಷದಲ್ಲಿ ತಳಕ್ಕೆ ಇಳಿಯೋದು, ಅಲ್ಲಿ ಐದೇ ನಿಮಿಷ ಕೆಲಸ, ದೇಹವನ್ನು ಚೀಲಕ್ಕೆ ಹಾಕೋದು. ಆಮೇಲೆ ಮೈಯಲ್ಲಿ ಕರಗಿದ ಅನಿಲ ನಿಧಾನಕ್ಕೆ ಹೊರಬರಲಿ ಅಂತ ನಿಂತು ನಿಂತು ಮೇಲೆ ಬರೋಕೆ ಹತ್ತು-ಹನ್ನೆರಡು ಗಂಟೆ.

ತಳದಲ್ಲಿ ಒಂದು ಅಂದಾಜು ತಪ್ಪಿತ್ತು. ಹತ್ತು ವರ್ಷದ ದೇಹ ಅಸ್ಥಿಪಂಜರವಾಗಿರುತ್ತೆ, ಇದ್ದಲ್ಲೇ ಇರುತ್ತೆ ಅಂತ ತಿಳಿದವರೇ ಹೇಳಿದ್ದರು. ಆದರೆ ಡೈವಿಂಗ್ ಸೂಟಿನೊಳಗಿದ್ದ ದೇಹ ಸಾಬೂನಿನಂಥ ವಸ್ತುವಾಗಿ ಮಾರ್ಪಟ್ಟಿತ್ತು, ಮುಟ್ಟಿದ ಕೂಡಲೇ ತೇಲತೊಡಗಿತು. ತೇಲುವುದನ್ನು ಚೀಲಕ್ಕೆ ಹಾಕೋಕೆ ಎರಡೂ ಕೈ ಬೇಕು. ಶಾ ಟಾರ್ಚನ್ನು ಪಕ್ಕಕ್ಕೆ ಇಟ್ಟ. ಟಾರ್ಚಿಗೂ ಅವನ ಮೈಮೇಲಿನ ಬ್ಯಾಟರಿಗೂ ನಡುವೆ ಒಂದು ವೈರ್. ಚೀಲದ ಹಗ್ಗ ಆ ಟಾರ್ಚಿಗೆ ಸಿಕ್ಕಿಕೊಂಡಿತು. ಸಮಯ ಮುಗಿದಾಗ ಆತ ಹೊರಡಲು ನೋಡಿದ, ಆದರೆ ಬಿಡಿಸಿಕೊಳ್ಳಲು ಆಗಲಿಲ್ಲ. ಎಳೆದಷ್ಟೂ ಉಸಿರು ಜೋರಾಯಿತು. ವಿಡಿಯೋದಲ್ಲಿ ಆ ಉಸಿರಿನ ಸದ್ದು ಏರುತ್ತಾ ಹೋಗಿ, ನಿಲ್ಲುತ್ತದೆ. ನಾಲ್ಕು ದಿನದ ನಂತರ ತಂಡದವರು ಸಾಮಾನು ಮೇಲೆತ್ತುವಾಗ ಎರಡೂ ದೇಹಗಳು ತೇಲಿ ಬಂದವು. ಡಿಯಾನ್‌ನನ್ನು ತರ್ತೀನಿ ಅಂದವನು ತಂದುಬಿಟ್ಟಿದ್ದ.

ಈಗ ಹೇಳಿ, ಯಾರ ತಪ್ಪು?

ನಾನು ಬೆಳೆದ ಊರಿನಲ್ಲಾಗಿದ್ದರೆ ಈ ಪ್ರಶ್ನೆಗೆ ಉತ್ತರ ರೆಡಿ ಇರುತ್ತಿತ್ತು. ನಮ್ಮ ಕಡೆ ಕೆರೆಯಲ್ಲಿ ಯಾರಾದರೂ ಮುಳುಗಿದರೆ "ಆ ಕೆರೆ ಬಲಿ ಕೇಳುತ್ತೆ" ಅನ್ನೋರು. "ಅವನ ಆಯಸ್ಸು ಅಷ್ಟೇ ಇತ್ತು" ಅನ್ನೋರು. ಪಟ್ಟಣಕ್ಕೆ ಬಂದ ಮೇಲೆ ನಾವು ಇಂಥ ಮಾತಿಗೆ ನಗೋದು ಕಲಿತೆವು. ಆದರೆ ಆ ಮಾತಿನೊಳಗೆ ಒಂದು ಕರುಣೆ ಇತ್ತು. ಮಗನನ್ನು ಕಳಕೊಂಡ ತಾಯಿಯ ಎದುರು ನಿಂತು "ನಿನ್ನ ಮಗ ಹೂಳಿರೋ ಕಡೆ ಯಾಕೆ ಇಳಿದ?" ಅಂತ ಯಾರೂ ಕೇಳುತ್ತಿರಲಿಲ್ಲ. ಅದರ ಬೆಲೆಯೂ ಇತ್ತು. ಹೂಳು ಎಲ್ಲಿದೆ ಅಂತ ಯಾರೂ ಗುರುತು ಹಾಕುತ್ತಿರಲಿಲ್ಲ. ಕೆರೆಗೇ ಬಲಿ ಬೇಕಿದ್ದರೆ ಗುರುತು ಹಾಕಿ ಏನು ಪ್ರಯೋಜನ?

ಪಟ್ಟಣದ ಉತ್ತರ ಇದಕ್ಕೆ ತಿರುಗುಮುರುಗು. ಇಲ್ಲಿ ಎಲ್ಲದಕ್ಕೂ ಒಬ್ಬ ತಪ್ಪಿತಸ್ಥ ಬೇಕು, ಆ ತಪ್ಪು ಒಂದೇ ಸಾಲಿನಲ್ಲಿ ಮುಗಿಯಬೇಕು. ಶಾ ವಿಷಯದಲ್ಲೂ ಹಾಗೇ ಹೇಳಬಹುದು: ಅತಿ ಆತ್ಮವಿಶ್ವಾಸ. ಡೈವಿಂಗ್ ಶುರು ಮಾಡಿ ಕೆಲವೇ ವರ್ಷಗಳಾಗಿದ್ದವು, ಅಷ್ಟು ಬೇಗ ಅಷ್ಟು ಆಳ ಯಾಕೆ? ಮುಗೀತು, ಫೈಲ್ ಕ್ಲೋಸ್.

ಇದು ಹೊಸ ಚಟವೇನಲ್ಲ. ಮಹಾಭಾರತದ ಕೊನೆಯಲ್ಲಿ ಪಾಂಡವರು ಹಿಮಾಲಯ ಹತ್ತುವಾಗ ಒಬ್ಬೊಬ್ಬರೇ ಬೀಳುತ್ತಾರಲ್ಲ, ನೆನಪು ಮಾಡಿಕೊಳ್ಳಿ. ಪ್ರತಿಯೊಬ್ಬರು ಬಿದ್ದಾಗಲೂ ಭೀಮ ಕೇಳುತ್ತಾನೆ, ಯಾಕೆ ಬಿದ್ದರು? ಧರ್ಮರಾಯ ನಡಿಗೆ ನಿಲ್ಲಿಸದೆ ಒಂದೊಂದು ಕಾರಣ ಕೊಡುತ್ತಾನೆ. ದ್ರೌಪದಿಗೆ ಅರ್ಜುನನ ಮೇಲೆ ಪಕ್ಷಪಾತ. ಸಹದೇವನಿಗೆ ತನ್ನ ಜಾಣತನದ ಗರ್ವ, ನಕುಲನಿಗೆ ರೂಪದ ಗರ್ವ, ಅರ್ಜುನನಿಗೆ ಶೌರ್ಯದ ಗರ್ವ. ಕೊನೆಗೆ ಭೀಮನೇ ಬೀಳುತ್ತಾ ನಾನ್ಯಾಕೆ ಬಿದ್ದೆ ಅಂತ ಕೇಳಿದರೆ, ಅತಿಯಾಗಿ ತಿಂದೆ, ಬಲದ ಜಂಬ ಪಟ್ಟೆ ಅನ್ನುವ ಉತ್ತರ. ಕಥೆಗೆ ಅದರದೇ ಆಳವಾದ ಅರ್ಥ ಇದೆ, ಅದರ ತಂಟೆಗೆ ನಾನು ಹೋಗಲ್ಲ. ಆದರೆ ಅಪಘಾತದ ವರದಿ ಅಂತ ಓದಿದರೆ ಆ ಪಟ್ಟಿಯಿಂದ ಮುಂದೆ ಬೆಟ್ಟ ಹತ್ತುವವರಿಗೆ ಏನೂ ಸಿಗಲ್ಲ. ಗರ್ವ ಬಿಡಿ ಅನ್ನಬಹುದು, ಅಷ್ಟೇ. ಚಳಿ ಎಷ್ಟಿತ್ತು, ದಾರಿ ಎಲ್ಲಿ ಜಾರುತ್ತಿತ್ತು, ಮೊದಲು ಬಿದ್ದವಳಿಗೆ ದಣಿವು ಯಾವಾಗ ಶುರುವಾಯಿತು? ಅದು ಯಾವುದೂ ಇಲ್ಲ.

"ಅವನ ಹಣೆಬರಹ" ಅನ್ನೋದೂ "ಅವನ ತಪ್ಪು" ಅನ್ನೋದೂ ಮೇಲ್ನೋಟಕ್ಕೆ ಎದುರಾಳಿಗಳು. ಕೆಲಸದಲ್ಲಿ ಮಾತ್ರ ಅಣ್ಣತಮ್ಮಂದಿರು. ಎರಡೂ ಪ್ರಶ್ನೆಯನ್ನು ಅಲ್ಲಿಗೇ ನಿಲ್ಲಿಸುತ್ತವೆ, ಎರಡೂ ನಮ್ಮನ್ನು ಆ ಜಾಗದಿಂದ ದೂರ ಇಡುತ್ತವೆ.

ಶಾ ಸತ್ತ ಮೇಲೆ ಕೆಲವರು ಮೂರನೇ ದಾರಿ ಹಿಡಿದರು. ಡೈವಿಂಗ್ ವೈದ್ಯಕೀಯದ ಪರಿಣತ ಸೈಮನ್ ಮಿಚೆಲ್ ಮತ್ತು ಅವರ ಜೊತೆಯವರು ಆ ವಿಡಿಯೋವನ್ನು ಅಧ್ಯಯನ ಮಾಡಿ 2007ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರು ಹುಡುಕಿದ್ದು ಶಾನ ಉಸಿರಿಗೆ ಏನಾಯಿತು ಅನ್ನೋದನ್ನ.

ಅದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಡೀ ವಿಷಯದ ತಿರುಳು ಇಲ್ಲೇ ಇದೆ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗ ಒತ್ತಡ ಸುಮಾರು ಒಂದು ವಾತಾವರಣದಷ್ಟು ಹೆಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ನಾವು ಉಸಿರಾಡುವ ಅನಿಲ ದಟ್ಟವಾಗುತ್ತದೆ. 270 ಮೀಟರಿನಲ್ಲಿ, ಹಗುರವಾದ ಹೀಲಿಯಂ ಬೆರೆಸಿದ್ದರೂ, ಅದು ನಾವೀಗ ಕೂತಲ್ಲಿ ಎಳೆದುಕೊಳ್ಳುವ ಗಾಳಿಗಿಂತ ಹಲವು ಪಟ್ಟು ದಟ್ಟ. ಅದನ್ನು ಶ್ವಾಸಕೋಶದೊಳಗೆ ಎಳೆದು ಹೊರಹಾಕೋದೇ ಒಂದು ಕೂಲಿ ಕೆಲಸ. ಮೈ ದುಡಿದಷ್ಟೂ ಇಂಗಾಲದ ಡೈಆಕ್ಸೈಡ್ ಹೆಚ್ಚು ಹುಟ್ಟುತ್ತದೆ, ಅದನ್ನು ಹೊರಹಾಕೋಕೆ ಹೆಚ್ಚು ಉಸಿರಾಡಬೇಕು, ಹೆಚ್ಚು ಉಸಿರಾಡೋ ದುಡಿಮೆಯಿಂದ ಮತ್ತಷ್ಟು ಹುಟ್ಟುತ್ತದೆ. ಒಂದು ಹಂತ ದಾಟಿದರೆ ಈ ಚಕ್ರದಿಂದ ಹೊರಬರೋಕೆ ಆಗಲ್ಲ. ಅದಕ್ಕಿಂತ ಕ್ರೂರ ಸಂಗತಿ ಏನೆಂದರೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ ಮೊದಲು ಮಂಕಾಗೋದು ಬುದ್ಧಿ.

ಅಂದರೆ, "ಸಾಕು, ವಾಪಸ್ ಹೋಗೋಣ" ಅಂತ ತೀರ್ಮಾನಿಸಬೇಕಾದ ತಲೆಯೇ ಮೊದಲು ಕೈಕೊಡುತ್ತದೆ. ಬೆಚ್ಚಗೆ ಮನೆಯಲ್ಲಿ ಕೂತು "ನಾನಾಗಿದ್ದರೆ ದೇಹ ತೇಲಿದ ಕ್ಷಣವೇ ಬಿಟ್ಟು ಬರುತ್ತಿದ್ದೆ" ಅನ್ನುವವರು ತಮ್ಮ ನೆಟ್ಟಗಿರೋ ತಲೆಯನ್ನು ಅವನ ಹೆಲ್ಮೆಟ್ಟಿನೊಳಗೆ ಇಟ್ಟು ಯೋಚಿಸುತ್ತಿರುತ್ತಾರೆ. ಆ ತಲೆ ಅಲ್ಲಿ ಯಾರಿಗೂ ಲಭ್ಯ ಇಲ್ಲ, ನನಗೂ ನಿಮಗೂ.

ಇಂಥ ಅಧ್ಯಯನಗಳಿಂದ ಬಂದ ಪಾಠ ಈಗ ಸಾಮಾನ್ಯ ಡೈವರ್‌ಗಳನ್ನೂ ತಲುಪಿದೆ. ಉಸಿರಾಡುವ ಅನಿಲದ ಸಾಂದ್ರತೆ ಲೀಟರಿಗೆ 5.2 ಗ್ರಾಂ ಒಳಗಿರಲಿ, 6.2 ಗ್ರಾಂ ಯಾವ ಕಾರಣಕ್ಕೂ ದಾಟಬೇಡಿ ಎಂಬ ಸಲಹೆ ಇದೆ. ಮಾಮೂಲಿ ಗಾಳಿಯ ಸಿಲಿಂಡರ್ ಕಟ್ಟಿಕೊಂಡವನು ಮೊದಲ ಮಿತಿಯನ್ನು ಸುಮಾರು 30 ಮೀಟರಿನಲ್ಲೇ ಮುಟ್ಟುತ್ತಾನೆ. ಶಾ "ಅತಿ ಆತ್ಮವಿಶ್ವಾಸದಿಂದ ಸತ್ತ" ಅಂತ ಫೈಲ್ ಮುಚ್ಚಿದ್ದರೆ ಆ ವಿಡಿಯೋದಿಂದ ಇಷ್ಟು ಕಲಿಯೋಕೆ ಆಗುತ್ತಿರಲಿಲ್ಲ.

ಸಾವುಗಳಿಂದ ನಿಯಮ ಕಡೆಯುವ ಈ ಪರಂಪರೆ ಗವಿ ಡೈವಿಂಗಿನಲ್ಲಿ ಹಳೆಯದು. ಫ್ಲೋರಿಡಾದಲ್ಲಿ ಶೆಕ್ ಎಕ್ಸ್‌ಲೀ ಎಂಬ ಗಣಿತದ ಮೇಷ್ಟ್ರಿದ್ದ, ಆ ಕಾಲದ ಅತಿ ದೊಡ್ಡ ಗವಿ ಡೈವರ್‌ಗಳಲ್ಲೊಬ್ಬ. ಗವಿಯಲ್ಲಿ ಸತ್ತವರ ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿ 1979ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದ. ಸಾವುಗಳಲ್ಲಿ ಮತ್ತೆ ಮತ್ತೆ ಕಂಡದ್ದು ಕೆಲವೇ ವಿಷಯ: ಬಾಗಿಲವರೆಗೆ ಕಡಿಯದ ಹಗ್ಗ ಇರಲಿಲ್ಲ, ವಾಪಸ್ ಬರೋಕೆ ಗಾಳಿ ಉಳಿಸಿಕೊಂಡಿರಲಿಲ್ಲ, ಮಿತಿಗಿಂತ ಆಳಕ್ಕೆ ಹೋಗಿದ್ದರು. ಇದರಿಂದ ಗಟ್ಟಿಯಾದದ್ದೇ ಮೂರನೇ ಒಂದರ ನಿಯಮ. ಸಿಲಿಂಡರಿನ ಗಾಳಿಯ ಮೂರನೇ ಒಂದು ಭಾಗ ಒಳಗೆ ಹೋಗೋಕೆ, ಒಂದು ಭಾಗ ಹೊರಗೆ ಬರೋಕೆ, ಉಳಿದ ಒಂದು ಭಾಗ ಮುಟ್ಟಬೇಡ.

ಆ ಮೂರನೇ ಭಾಗ ಯಾಕೆ? ಗವಿಯ ಅತಿ ದೂರದ ಜಾಗದಲ್ಲಿ ಜೊತೆಗಾರನ ಸಿಲಿಂಡರ್ ಕೈಕೊಟ್ಟರೆ ಇಬ್ಬರೂ ಒಂದೇ ಸಿಲಿಂಡರಿನಲ್ಲಿ ಹೊರಬರಬೇಕಲ್ಲ, ಅದಕ್ಕೆ. ಅಂದರೆ ನನ್ನ ಬೆನ್ನಿನ ಮೇಲಿರುವ ಗಾಳಿಯಲ್ಲಿ ಒಂದು ಪಾಲು ನನ್ನದಲ್ಲ. ಅದು ಅವನದು. "ಇನ್ನೂ ಗಾಳಿ ಇದೆ, ಸ್ವಲ್ಪ ಮುಂದೆ ಹೋಗಿ ನೋಡೋಣ" ಅಂದಾಗ ನಾನು ಖರ್ಚು ಮಾಡೋದು ಅವನ ಪಾಲನ್ನ. ನೀತಿಶಾಸ್ತ್ರದ ದಪ್ಪ ಪುಸ್ತಕಗಳು ತಿಣುಕಾಡಿ ಹೇಳೋದನ್ನ ಒಂದು ಪ್ರೆಶರ್ ಗೇಜ್ ಎಷ್ಟು ನೇರವಾಗಿ ತೋರಿಸುತ್ತೆ ನೋಡಿ. ನಮ್ಮ ಧೈರ್ಯ ಬಹಳ ಸಲ ಬೇರೆಯವರ ಖಾತೆಯಿಂದ ಡ್ರಾ ಮಾಡಿದ್ದು.

ನಿಯಮ ಬರೆದ ಎಕ್ಸ್‌ಲೀ 1994ರ ಏಪ್ರಿಲ್ 6ರಂದು ಮೆಕ್ಸಿಕೋದ ಜಕಟೋನ್ ಎಂಬ ನೀರು ತುಂಬಿದ ಕಂದಕದಲ್ಲಿ 1000 ಅಡಿ ಆಳ ಮುಟ್ಟಲು ಹೋಗಿ ಸತ್ತ. ನಿಖರ ಕಾರಣ ಇವತ್ತಿಗೂ ಖಚಿತವಾಗಿಲ್ಲ. "ನೋಡಿದ್ರಾ, ನಿಯಮ ಬರೆದವನೇ ಹೋದ" ಅಂತ ಕೆಲವರು ವ್ಯಂಗ್ಯ ಮಾಡಬಹುದು. ನನಗೆ ಅದು ಬೇರೆ ಮಾತು ಹೇಳುತ್ತೆ. ತಿಳಿವಳಿಕೆ ಇದ್ದವನಿಗೆ, ಅನುಭವ ಇದ್ದವನಿಗೆ, ಹುಷಾರಾಗಿರುವವನಿಗೆ ಏನೂ ಆಗಲ್ಲ ಅನ್ನೋ ನಮ್ಮ ನಂಬಿಕೆ ಇದೆಯಲ್ಲ, ಅದಕ್ಕೆ ಆಧಾರ ಇಲ್ಲ.

ಶಾನ ಜೊತೆಗಾರ ಡಾನ್ ಶರ್ಲಿಯ ಕಥೆ ಇನ್ನೂ ಹೇಳಿಲ್ಲ. ನೈತಿಕ ಪ್ರಶ್ನೆ ನಿಜವಾಗಿ ಬಿಗಿಯಾಗೋದು ಅಲ್ಲೇ. 220 ಮೀಟರ್ ಆಳದಲ್ಲಿ ಅವನು ಶಾನನ್ನು ಭೇಟಿಯಾಗಬೇಕಿತ್ತು. ಅಲ್ಲಿಗೆ ಇಳಿದು ನೋಡಿದರೆ ಕೆಳಗೆ ಶಾನ ಬೆಳಕು ಕಾಣುತ್ತಿದೆ, ಆದರೆ ಅಲುಗುತ್ತಿಲ್ಲ. ಸ್ನೇಹಿತನಿಗಾಗಿ ಇನ್ನೂ ಕೆಳಗೆ ಹೊರಟ. ಆಗ ಅವನ ರೀಬ್ರೀದರಿನ, ಅಂದರೆ ಬಿಟ್ಟ ಉಸಿರನ್ನೇ ಶುದ್ಧ ಮಾಡಿ ಮತ್ತೆ ಕೊಡುವ ಯಂತ್ರದ, ನಿಯಂತ್ರಕ ಒತ್ತಡಕ್ಕೆ ಒಡೆದುಹೋಯಿತು. ಇನ್ನು ಮೇಲೆ ಆಮ್ಲಜನಕವನ್ನು ಕೈಯಾರೆ ಸರಿ ಮಾಡಿಕೊಳ್ಳುತ್ತಾ ಬದುಕಬೇಕು. ಶರ್ಲಿ ತಿರುಗಿದ. ಮೇಲೆ ಸಿಕ್ಕ ಡೈವರ್‌ಗೆ, ಡೇವ್ ವಾಪಸ್ ಬರಲ್ಲ ಅಂತ ಸ್ಲೇಟಿನಲ್ಲಿ ಬರೆದು ತೋರಿಸಿದ. ಒಳಕಿವಿಯಲ್ಲಿ ಹೀಲಿಯಂ ಗುಳ್ಳೆ ಸೇರಿ, ತಲೆ ಸುತ್ತಿ, ವಾಂತಿ ಮಾಡಿಕೊಳ್ಳುತ್ತಾ ಹನ್ನೆರಡು ಗಂಟೆಗೂ ಹೆಚ್ಚು ನೀರಿನಲ್ಲಿದ್ದು ಮೇಲೆ ಬಂದ. ಮೈಯ ಸಮತೋಲನ ಶಾಶ್ವತವಾಗಿ ಕೆಟ್ಟಿತು. ಜೀವ ಉಳಿಯಿತು.

ಗೆಳೆಯನನ್ನು ಬಿಟ್ಟು ಬಂದನಾ? ಅದೇ ಧರ್ಮರಾಯ ಸ್ವರ್ಗದ ಬಾಗಿಲಲ್ಲಿ ನಾಯಿಯನ್ನೂ ಬಿಟ್ಟು ಒಳಗೆ ಬರಲ್ಲ ಅಂದವನು. ಆ ಚಿತ್ರ ನಮ್ಮೊಳಗೆ ಆಳವಾಗಿ ಕೂತಿದೆ. ಸಿನಿಮಾಗಳಲ್ಲೂ ಅಷ್ಟೇ, ಹೀರೋ ಗೆಳೆಯನನ್ನು ಬಿಟ್ಟು ಓಡಲ್ಲ. ಆದರೆ ಶರ್ಲಿ ಕೆಳಗೆ ಹೋಗಿದ್ದರೆ ಅವತ್ತು ಮೂರನೇ ದೇಹ ಸೇರುತ್ತಿತ್ತು. ಅದನ್ನು ತರೋಕೆ ಇನ್ಯಾರೋ ಇಳಿಯಬೇಕಿತ್ತು. ಡಿಯಾನ್‌ಗಾಗಿ ಶಾ, ಶಾಗಾಗಿ ಶರ್ಲಿ, ಶರ್ಲಿಗಾಗಿ ಮತ್ತೊಬ್ಬ. ಈ ಸರಪಳಿ ಒಳ್ಳೆಯತನದಿಂದಲೇ ಹೆಣೆದದ್ದು, ಅದಕ್ಕೇ ಅಪಾಯಕಾರಿ. ಯಾರಾದರೂ ಒಬ್ಬರು ಅದನ್ನು ತುಂಡು ಮಾಡಬೇಕು. ನನ್ನ ಪ್ರಕಾರ ಅವತ್ತು ಆ ಗವಿಯಲ್ಲಿ ನಡೆದ ಅತಿ ಕಷ್ಟದ ಕೆಲಸ ಶರ್ಲಿಯ ಆ ತಿರುವು.

ತಾಂತ್ರಿಕ ಡೈವಿಂಗ್ ಕಲಿಸುವವರು ಒಂದು ಮಾತು ಹೇಳಿಕೊಡುತ್ತಾರೆ: ಯಾವ ಡೈವರ್ ಬೇಕಾದರೂ, ಯಾವಾಗ ಬೇಕಾದರೂ, ಯಾವ ಕಾರಣಕ್ಕಾದರೂ ಡೈವ್ ನಿಲ್ಲಿಸಬಹುದು. ಯಾರೂ ಕಾರಣ ಕೇಳಬಾರದು, ಗೇಲಿ ಮಾಡಬಾರದು. ಹೆಬ್ಬೆರಳು ಮೇಲೆ ತೋರಿಸಿದರೆ ಮುಗೀತು, ಎಲ್ಲರೂ ಮೇಲಕ್ಕೆ. ನಮಗೆ ದಡದ ಮೇಲೆ ಸೂಪರ್ ಅನ್ನೋ ಸನ್ನೆ, ಅವರಿಗೆ ನೀರಿನೊಳಗೆ ಸಾಕು ಅನ್ನೋ ಸನ್ನೆ.

ಈ ನಿಯಮದ ಹಿಂದಿರೋ ಮನುಷ್ಯಜ್ಞಾನ ದೊಡ್ಡದು. "ಬೇಡ" ಅನ್ನೋಕೆ ಧೈರ್ಯ ಬೇಕು ಅಂತ ಉಪದೇಶ ಮಾಡಿದರೆ ಆಗಲ್ಲ, ಎಲ್ಲರಿಗೂ ಎಲ್ಲಾ ಸಮಯದಲ್ಲೂ ಧೈರ್ಯ ಇರಲ್ಲ. ಬೇಡ ಅನ್ನೋದನ್ನ ಅಗ್ಗ ಮಾಡಬೇಕು. ಬುಷ್‌ಮನ್ಸ್ ಹೋಲಿನಲ್ಲಿ ಅದು ಅಗ್ಗವಾಗಿರಲಿಲ್ಲ. ಶಾನ ತಲೆಯಲ್ಲಿ ಏನಿತ್ತು ಅಂತ ನಾನು ಹೇಳಲಾರೆ. ಆದರೆ ಮೇಲೆ ಕ್ಯಾಮೆರಾ ಇದ್ದು, ದೊಡ್ಡ ತಂಡ ಇದ್ದು, ಹತ್ತು ವರ್ಷದಿಂದ ಕಾಯುತ್ತಿರುವ ತಂದೆತಾಯಿ ಇದ್ದರೆ ಯಾರಿಗೇ ಆಗಲಿ ಬರಿಗೈಲಿ ಮೇಲೆ ಬರೋದು ಭಾರ.

ಸಾಫ್ಟ್‌ವೇರಿನಲ್ಲಿರೋ ನಮಗೆ ಈ ಮಾತು ಅರ್ಧ ಪರಿಚಿತ. ಸರ್ವರ್ ಬಿದ್ದಾಗ ಯಾರನ್ನೂ ದೂರದೆ ಕಾರಣ ಹುಡುಕುವ ಮೀಟಿಂಗ್ ಮಾಡ್ತೀವಿ. ಬಟನ್ ಒತ್ತಿದವನನ್ನು ಬೈದರೆ ಮುಂದಿನ ಸಲ ಅವನು ಬಾಯಿ ಬಿಡಲ್ಲ ಅಂತ ಗೊತ್ತಿರೋದ್ರಿಂದ. ಸರ್ವರಿಗೆ ಕೊಡೋ ಈ ಮರ್ಯಾದೆಯನ್ನ ಸತ್ತ ಮನುಷ್ಯನಿಗೂ ಕೊಡೋಣ ಅನ್ನೋದಷ್ಟೇ ನನ್ನ ವಾದ. ಹಾಗೆ ಕೊಟ್ಟವರಿದ್ದಾರೆ. 2018ರಲ್ಲಿ ಹವಾಯಿಯಲ್ಲಿ ರೀಬ್ರೀದರ್ ತರಬೇತಿಯ ವೇಳೆ ಅಮೆರಿಕ ನೌಕಾಪಡೆಯಲ್ಲಿದ್ದ ಡೈವರ್ ಒಬ್ಬ ಸತ್ತ. ಆಮ್ಲಜನಕದ ವಾಲ್ವ್ ತೆರೆದಿರಲಿಲ್ಲ. "ವಾಲ್ವ್ ತೆರೆಯೋಕೆ ಮರೆತ" ಅಂತ ಒಂದು ಸಾಲಿನಲ್ಲಿ ಮುಗಿಸಬಹುದಿತ್ತು. ಅವನ ಹೆಂಡತಿ ಹಾಗೆ ಮುಗಿಯೋಕೆ ಬಿಡಲಿಲ್ಲ. ಅಷ್ಟು ಶಿಸ್ತಿನ ಮನುಷ್ಯ, ಜೊತೆಗೆ ಅಷ್ಟು ಜನ ಇದ್ದೂ, ಅದು ಯಾರ ಕಣ್ಣಿಗೂ ಬೀಳದೆ ಹೇಗೆ ಹೋಯಿತು ಅಂತ ಹುಡುಕುವ ‘ಇಫ್ ಓನ್ಲಿ’ ಎಂಬ ಸಾಕ್ಷ್ಯಚಿತ್ರಕ್ಕೆ ಆಕೆ ಜೊತೆಯಾದಳು. 2020ರಲ್ಲಿ ಅದು ಬಂತು. ಗಂಡನ ಕೊನೆಯ ದಿನವನ್ನು ಅಪರಿಚಿತರ ಮುಂದೆ ಬಿಚ್ಚಿಡೋದು ಸಣ್ಣ ಮಾತಲ್ಲ.

ಇನ್ನು ನಮ್ಮ ವಿಷಯಕ್ಕೆ ಬರೋಣ. ನಮ್ಮಲ್ಲಿ ಯಾರೂ 270 ಮೀಟರ್ ಇಳಿಯಲ್ಲ. ಆದರೆ ಲಾಂಗ್ ವೀಕೆಂಡ್ ಸಿಕ್ಕರೆ ಬೆಂಗಳೂರಿನಿಂದ ರಾತ್ರಿ ಬಸ್ ಹತ್ತಿ ಮುರ್ಡೇಶ್ವರಕ್ಕೆ ಹೋಗಿ, ಬೆಳಗ್ಗೆ ದೋಣಿಯಲ್ಲಿ ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಮಾಡಿ ಬರುವವರು ಈ ಪುಸ್ತಕ ಓದುವವರಲ್ಲೇ ಎಷ್ಟೋ ಜನ ಇರಬಹುದು. ಅಂಡಮಾನಿಗೆ ಹನಿಮೂನ್ ಹೋದವರೂ ಇರಬಹುದು. ಮೊದಲ ಸಲದವರನ್ನು ಸಾಮಾನ್ಯವಾಗಿ 12 ಮೀಟರ್ ದಾಟಿಸಲ್ಲ. 12 ಮೀಟರ್ ಅಂದರೆ ಏನು ಮಹಾ ಅನ್ನಿಸುತ್ತೆ. ಆದರೆ 10 ಮೀಟರಿನಲ್ಲಿ ಉಸಿರು ತುಂಬಿಕೊಂಡು, ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ ಆ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಶ್ವಾಸಕೋಶ ಹರಿಯಲು ಅದು ಸಾಕು. ಉಸಿರು ಕಟ್ಟಬೇಡಿ, ನಿಧಾನ ಮೇಲೆ ಬನ್ನಿ ಅಂತ ಅವರು ಹೇಳೋದು ಇದಕ್ಕೆ.

ದಡದಲ್ಲಿ ಒಂದು ಮೆಡಿಕಲ್ ಫಾರಂ ಕೊಡುತ್ತಾರೆ. ಆಸ್ತಮಾ ಇದೆಯಾ, ಹೃದಯದ ತೊಂದರೆ ಇದೆಯಾ, ಈಗ ಯಾವ ಮಾತ್ರೆ ತಗೊಳ್ತಿದ್ದೀರಾ. ಸಾಲಾಗಿ "ಇಲ್ಲ" ಅಂತ ಟಿಕ್ ಮಾಡಿ ಸಹಿ ಹಾಕುವ ಮಂದಿ ಕಡಿಮೆ ಇಲ್ಲ. ದುಡ್ಡು ಕಟ್ಟಿ ಆಗಿದೆ, ರಾತ್ರಿಯಿಡೀ ಬಸ್ಸಿನಲ್ಲಿ ಬಂದಿದ್ದೀವಿ, ಗ್ಯಾಂಗ್ ಕಾಯ್ತಿದೆ, ರೀಲ್ಸ್ ಬೇರೆ ಆಗಬೇಕು. ಆ ಸುಳ್ಳು ಟಿಕ್ ಬರೀ ನಮ್ಮ ರಿಸ್ಕ್ ಅಂತ ಅಂದುಕೊಳ್ತೀವಿ. ನೀರಿನೊಳಗೆ ನಮ್ಮ ಸಿಲಿಂಡರ್ ಹಿಡಿದುಕೊಂಡು ಬರುವ ಇನ್‌ಸ್ಟ್ರಕ್ಟರ್ ಹುಡುಗ ಆ ಟಿಕ್ ನಂಬಿಕೊಂಡು ಇಳಿದಿರುತ್ತಾನೆ. ನಮಗೆ ಏನಾದರೂ ಆದರೆ ಎಳೆದು ತರಬೇಕಾದವನು ಅವನು. ಅಲ್ಲೂ ನಾವು ಖರ್ಚು ಮಾಡಿದ್ದು ಬೇರೆಯವರ ಮೂರನೇ ಭಾಗವನ್ನೇ.

ಸರ್ಟಿಫೈಡ್ ಡೈವರ್ ಆದವರಿಗೂ ಒಂದು ಲೆಕ್ಕ ಹೇಳ್ತೀನಿ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಂಶೋಧಕರು 947 ಡೈವಿಂಗ್ ಸಾವುಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶುರುವಿನ ಕಾರಣ ಪತ್ತೆಯಾದ ಸಾವುಗಳ ಪೈಕಿ ಶೇ. 41ರಲ್ಲಿ ಆ ಕಾರಣ ಗಾಳಿ ಸಾಲದೆ ಹೋದದ್ದು. ಶಾರ್ಕ್ ಅಲ್ಲ, ಬಿರುಗಾಳಿ ಅಲ್ಲ, ಗೇಜ್ ನೋಡದೇ ಇದ್ದದ್ದು. "ಅಷ್ಟೂ ಗೊತ್ತಾಗಲ್ವಾ ಅವರಿಗೆ?" ಅಂತ ನಿಮಗೆ ಈಗ ಅನ್ನಿಸಿದ್ದರೆ, ಈ ಬರಹದ ಮೊದಲ ಪ್ಯಾರಾದ ಸಮಾಧಾನ ಮತ್ತೆ ಬಂದು ಕೂತಿದೆ ಅಂತಲೇ ಅರ್ಥ. ಅವರಿಗೂ ಗೊತ್ತಿತ್ತು. ಮೀನು ಚಂದ ಇತ್ತು, ಜೊತೆಗಾರ ಮುಂದೆ ಹೋಗಿದ್ದ, ತಾನೊಬ್ಬನೇ ಗಾಳಿ ಬೇಗ ಖಾಲಿ ಮಾಡಿದೆ ಅನ್ನೋಕೆ ನಾಚಿಕೆಯಾಯಿತು. ಕೇಳಬೇಕಾದ ಪ್ರಶ್ನೆ ಅದು: ಆ ಕ್ಷಣದಲ್ಲಿ ಅವನಿಗೆ ಅದು ಸರಿ ಅಂತ ಯಾಕೆ ಅನ್ನಿಸಿತು? ನನಗೂ ಹಾಗೇ ಅನ್ನಿಸೋದು ಯಾವಾಗ?

ಹಾಗಾಗಿ ಮುಂದಿನ ಸಲ ದೋಣಿ ಹತ್ತೋ ಮುಂಚೆ, ತಲೆ ನೆಟ್ಟಗಿರುವಾಗಲೇ, ಗ್ಯಾಂಗಿನ ಜೊತೆ ಎರಡು ನಿಮಿಷ ಮಾತಾಡಿ. ಎಷ್ಟು ಗಾಳಿ ಉಳಿದಾಗ ಎಲ್ಲರೂ ತಿರುಗೋದು ಅಂತ ಒಂದು ಸಂಖ್ಯೆ ಒಪ್ಪಿಕೊಳ್ಳಿ. ಫಾರಂನಲ್ಲಿ ನಿಜ ಬರೆಯಿರಿ, ಬೇಡ ಅಂತ ಕಳಿಸಿದರೆ ದಡದಲ್ಲಿ ಕೂತು ಬಜ್ಜಿ ತಿನ್ನಿ. ಕೊನೆಗೆ ನಿಮ್ಮಲ್ಲಿ ಅತಿ ಧೈರ್ಯವಂತ ಅನ್ನಿಸಿಕೊಂಡವನಿಂದಲೇ ಒಂದು ಮಾತು ಎಲ್ಲರ ಎದುರು ಹೇಳಿಸಿ: ಯಾರು ಹೆಬ್ಬೆರಳು ಎತ್ತಿದರೂ ನಾನೂ ಮೇಲೆ ಬರ್ತೀನಿ, ಯಾಕೆ ಅಂತ ಕೇಳಲ್ಲ. ಆಮೇಲೆ ರೂಮಿನಲ್ಲೂ ಕೇಳಬಾರದು, ವಾಟ್ಸ್ಯಾಪ್ ಗ್ರೂಪಿನಲ್ಲೂ ಕೇಳಬಾರದು.